ಮೆದುಳಿನ ಕುಹರ ಹಿಗ್ಗಿದರೆ ಫಿಟ್ಸ್ ಬರುತ್ತದೆಯೇ?

ಮೆದುಳಿನೊಳಗೆ ಒಂದರಿಂದೊಂದಕ್ಕೆ ದಾರಿಯಿರುವ ನಾಲ್ಕು ಕುಹರಗಳಿವೆ. ಅವುಗಳ ತುಂಬ ಇರುವುದು ತಿಳಿನೀರಿನಂಥ ದ್ರವ. ವಯಸ್ಕರಲ್ಲಿ ಇದು ದಿನಕ್ಕೆ ಸುಮಾರು ಅರ್ಧ ಲೀಟರ್ ಸ್ರವಿಸುತ್ತದೆ. ಹಾಗಿದ್ದೂ ಮೆದುಳು, ಬೆನ್ನುಹುರಿ ಎರಡೂ ಸೇರಿ ಒಂದು ಹೊತ್ತಿಗೆ ಇರುವ ದ್ರವ ಸುಮಾರು 150 ಮಿಲಿಲೀಟರ್ ಮಾತ್ರ. ಉಳಿದದ್ದು ಆಗಿಂದಾಗ್ಗೆ ರಕ್ತಕ್ಕೆ ಸೇರಿಹೋಗುತ್ತದೆ.

ಸ್ಕ್ಯಾನ್ ವರದಿಯಲ್ಲಿ ಕುಹರ ಹಿಗ್ಗಿದೆ ಎಂದಿದ್ದರೆ ‘ತಲೆಯಲ್ಲಿ ನೀರು ತುಂಬಿದೆ, ಫಿಟ್ಸ್ ಅದರಿಂದಲೇ’ ಎಂದು ನಂಬುವವರು ಬಹಳ. ಫಿಟ್ಸ್ ಹುಟ್ಟುವುದು ನರಕೋಶಗಳಲ್ಲಿ, ಅದರಲ್ಲೂ ಹೆಚ್ಚಾಗಿ ಮೆದುಳಿನ ಹೊರಪದರದಲ್ಲಿ. ದ್ರವದಲ್ಲಿ ನರಕೋಶವೇ ಇಲ್ಲ. ಹಿಗ್ಗಿದ ಕುಹರ, ಫಿಟ್ಸ್ ಎರಡೂ ಒಟ್ಟಿಗೆ ಕಂಡಾಗ ಹಿಂದಿನ ಕಾರಣ ಬಹುಪಾಲು ಒಂದೇ ಆಗಿರುತ್ತದೆ. ಕ್ಷಯದ ಮೆದುಳುಪೊರೆ ಉರಿಯೂತ ದ್ರವ ಹರಿಯುವ ದಾರಿ ಕಟ್ಟುತ್ತದೆ, ಹೊರಪದರಕ್ಕೂ ಗಾಯ ಮಾಡುತ್ತದೆ. ಭಾರತದಲ್ಲಿ ಫಿಟ್ಸ್‌ಗೆ ಮುಖ್ಯ ಕಾರಣಗಳಲ್ಲೊಂದಾದ ಲಾಡಿಹುಳುವಿನ ಮರಿಚೀಲವೂ ಅಷ್ಟೇ: ಮೆದುಳಿನ ಅಂಗಾಂಶದಲ್ಲಿ ನೆಲೆಸಿದರೆ ಫಿಟ್ಸ್, ಕುಹರಕ್ಕೆ ಇಳಿದರೆ ದ್ರವಕ್ಕೆ ತಡೆ.

ಹಿಗ್ಗಿದ ಕುಹರದಲ್ಲೆಲ್ಲ ಒತ್ತಡ ಹೆಚ್ಚಿರುತ್ತದೆ ಎಂಬುದೂ ತಪ್ಪು. ವಯಸ್ಸಾದಂತೆ ಇಲ್ಲವೇ ಪಾರ್ಶ್ವವಾಯುವಿನ ನಂತರ ಮೆದುಳು ಕುಗ್ಗಿದರೆ ಖಾಲಿಯಾದ ಜಾಗವನ್ನು ದ್ರವ ತುಂಬಿಕೊಳ್ಳುತ್ತದೆ. ಕಿವಿಯ ಮೇಲ್ಭಾಗದ ಮೆದುಳಿನಲ್ಲಿರುವ ಹಿಪೊಕ್ಯಾಂಪಸ್ ಕುಗ್ಗಿ ಗಟ್ಟಿಯಾದವರಲ್ಲಿ ಅದೇ ಬದಿಯ ಕುಹರದ ಕೊಂಬು ಅಗಲವಾಗಿ ಕಾಣುವುದುಂಟು. ಅಲ್ಲಿ ಫಿಟ್ಸ್ ಎಬ್ಬಿಸುವುದು ಕುಗ್ಗಿದ ಹಿಪೊಕ್ಯಾಂಪಸ್. ಅಗಲವಾದ ಕೊಂಬು ಬರೀ ಗುರುತು. ಇನ್ನು ಎಡಬಲದ ಕುಹರಗಳ ಅಳತೆಯಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆ ಆರೋಗ್ಯವಂತರಲ್ಲೂ ಇರುತ್ತದೆ.

ಹಾಗೆಂದು ಕುಹರಕ್ಕೂ ಫಿಟ್ಸ್‌ಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಭ್ರೂಣದಲ್ಲಿ ನರಕೋಶಗಳು ಕುಹರದ ಅಂಚಿನಲ್ಲಿ ಹುಟ್ಟಿ ಹೊರಪದರಕ್ಕೆ ಸಾಗಬೇಕು. ಎಫ್‌ಎಲ್‌ಎನ್‌ಎ ಎಂಬ ಜೀನಿನಲ್ಲಿ ದೋಷವಿದ್ದರೆ ಒಂದಷ್ಟು ಕೋಶಗಳು ಹೊರಡುವುದೇ ಇಲ್ಲ, ಕುಹರದ ಗೋಡೆಗೆ ಗಂಟುಗಂಟಾಗಿ ಅಂಟಿ ಉಳಿಯುತ್ತವೆ. ಹೆಚ್ಚಾಗಿ ಹೆಂಗಸರಲ್ಲಿ ಕಾಣುವ ಈ ದೋಷದಲ್ಲಿ ಫಿಟ್ಸ್ ಸಾಮಾನ್ಯ. ಗಂಟುಗಳು ಸ್ಪಷ್ಟವಾಗಿ ಕಾಣುವುದು ಎಂಆರ್‌ಐಯಲ್ಲಿ.

ಕುಹರದ ಹೆಚ್ಚುವರಿ ದ್ರವವನ್ನು ದೇಹದ ಬೇರೆಡೆಗೆ ಹರಿಸುವ ನಳಿಕೆ, ಅಂದರೆ ಶಂಟ್ ಹಾಕಿಸಿದರೆ ಫಿಟ್ಸ್ ನಿಂತೇಬಿಡುತ್ತದೆ ಎಂಬ ಭರವಸೆಗೂ ಆಧಾರ ಸಾಲದು. ಶಂಟ್ ಇಳಿಸುವುದು ಒತ್ತಡವನ್ನು. ಅದರ ನಳಿಕೆ ಹೊರಪದರವನ್ನು ದಾಟಿಯೇ ಕುಹರ ಸೇರುವುದರಿಂದ ಕೆಲವರಲ್ಲಿ ಆ ಗಾಯವೇ ಫಿಟ್ಸ್‌ಗೆ ದಾರಿಯಾಗಬಹುದು. ಸೋಂಕು ತಗುಲಿದರೆ ಅಪಾಯ ಇನ್ನೂ ಹೆಚ್ಚು. ಶಂಟ್ ಇರುವವರಿಗೆ ತಲೆನೋವು, ವಾಂತಿ, ಮಂಪರಿನ ಜೊತೆ ಫಿಟ್ಸ್ ಬಂದರೆ ನಳಿಕೆ ಕಟ್ಟಿಕೊಂಡಿರುವ ಸಾಧ್ಯತೆಯಿದೆ. ಅದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

ಗರ್ಭಿಣಿಯ ಸ್ಕ್ಯಾನ್‌ನಲ್ಲಿ ಮಗುವಿನ ಕುಹರದ ಅಗಲ 10 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಸಹಜ. ಅದಕ್ಕಿಂತ ಸ್ವಲ್ಪ ಹೆಚ್ಚಿದ್ದು ಬೇರಾವ ದೋಷವೂ ಇಲ್ಲದಿದ್ದರೆ ಬಹುತೇಕ ಮಕ್ಕಳು ಸರಿಯಾಗಿಯೇ ಬೆಳೆಯುತ್ತಾರೆ. ಮುಂದೆ ಅಪಸ್ಮಾರ ಬರುತ್ತದೆಂದು ಆ ಅಳತೆ ಒಂದರಿಂದಲೇ ಹೇಳಲಾಗದು. ಅಪಸ್ಮಾರ ಎಂದು ಸಾಮಾನ್ಯವಾಗಿ ಹೆಸರಿಡುವುದು ಜ್ವರ, ಪೆಟ್ಟಿನಂಥ ತತ್‌ಕ್ಷಣದ ಕಾರಣವಿಲ್ಲದೆ, 24 ಗಂಟೆಗೂ ಹೆಚ್ಚಿನ ಅಂತರದಲ್ಲಿ ಎರಡು ಸಲ ಫಿಟ್ಸ್ ಬಂದಾಗ, ಇಲ್ಲವೇ ಒಂದೇ ಸಲ ಬಂದು ಮರುಕಳಿಸುವ ಸಂಭವ ತೀರಾ ಹೆಚ್ಚಿದ್ದಾಗ.