ಕೃತಕ ಬುದ್ಧಿಮತ್ತೆ ಮತ್ತು ಕ್ಲೌಡ್ ವ್ಯವಸ್ಥೆ: ಅರ್ಜಿದಾರರ ದಾಖಲೆ ಎಲ್ಲಿರುತ್ತದೆ, ನಿರ್ಧಾರ ಯಾರದು?

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಸಲ್ಲಿಸಲಾಗುವ ಅರ್ಜಿಗಳು ಇಂದು ಬಹುಮಟ್ಟಿಗೆ ವಿದ್ಯುನ್ಮಾನ ದಾಖಲೆಗಳಾಗಿಯೇ ಸಂಚರಿಸುತ್ತವೆ. ಈ ದಾಖಲೆಗಳನ್ನು ಇರಿಸುವ ಗಣಕಯಂತ್ರಗಳು ಎಲ್ಲಿರಬೇಕು, ಯಾರ ಒಡೆತನದಲ್ಲಿರಬೇಕು ಎಂಬ ಬಗ್ಗೆ ಸರ್ಕಾರಿ ಇಲಾಖೆಗಳು, ಬ್ಯಾಂಕುಗಳು ಹಾಗೂ ದೊಡ್ಡ ಉದ್ಯಮಗಳು ಅನುಸರಿಸುತ್ತ ಬಂದ ಕಾರ್ಯನೀತಿಯು ಕೃತಕ ಬುದ್ಧಿಮತ್ತೆಯ ಬಳಕೆಯಿಂದಾಗಿ ಬದಲಾಗುತ್ತಿದೆ. ಸದರಿ ಬದಲಾವಣೆಯ ಸ್ವರೂಪವನ್ನೂ ಅದು ಅರ್ಜಿದಾರರಿಗೆ ಸಂಬಂಧಿಸುವ ಬಗೆಯನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕ್ಲೌಡ್ ವ್ಯವಸ್ಥೆ ಎಂದರೇನು?

ಕರ್ನಾಟಕದಲ್ಲಿ 2000ರ ಸುಮಾರಿಗೆ ‘ಭೂಮಿ’ ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿದಾಗ ದತ್ತಾಂಶವನ್ನು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇರಿಸಲಾಗಿತ್ತು. ಕ್ರಮೇಣ ಇಂತಹ ದತ್ತಾಂಶವನ್ನು ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಗ್ಗೂಡಿಸಲಾಯಿತು. ಕ್ಲೌಡ್ ವ್ಯವಸ್ಥೆಯು ಇದರ ಮುಂದಿನ ಹಂತವಾಗಿದೆ. ಇದರಲ್ಲಿ ಸಂಸ್ಥೆಯು ಯಂತ್ರಗಳನ್ನು ಖರೀದಿಸುವ ಬದಲು ಬೇರೊಬ್ಬರ ದತ್ತಾಂಶ ಕೇಂದ್ರದಲ್ಲಿನ ಯಂತ್ರಗಳನ್ನು ಜಾಲದ ಮೂಲಕ ಬಳಸಿ, ಬಳಸಿದಷ್ಟಕ್ಕೆ ಮಾತ್ರ ಶುಲ್ಕ ಪಾವತಿಸುತ್ತದೆ. ಅಮೆಜಾನ್ ಕಂಪನಿಯು 2006ರಲ್ಲಿ ಇಂತಹ ಸೇವೆಯನ್ನು ಆರಂಭಿಸಿದ ನಂತರ ಇದು ವ್ಯಾಪಕವಾಯಿತು.

ಪರೀಕ್ಷಾ ಫಲಿತಾಂಶದ ದಿನ ಅಥವಾ ಶಾಲಾ ಕಾಲೇಜುಗಳ ಪ್ರವೇಶದ ಅವಧಿಯಲ್ಲಿ ಅಂತರ್ಜಾಲ ತಾಣಗಳ ಮೇಲೆ ಬೀಳುವ ಹೊರೆಯು ಹಲವು ಪಟ್ಟು ಹೆಚ್ಚುತ್ತದೆ. ಆ ಕೆಲವು ದಿನಗಳಿಗಾಗಿ ವರ್ಷವಿಡೀ ಯಂತ್ರಗಳನ್ನು ಇಟ್ಟುಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದು ಮಿತವ್ಯಯಕರ. ಆದ್ದರಿಂದ ‘ಸಾಧ್ಯವಾದುದೆಲ್ಲವೂ ಕ್ಲೌಡ್‌ಗೆ’ ಎಂಬುದು ಅನೇಕ ಸಂಸ್ಥೆಗಳ ಕಾರ್ಯನೀತಿಯಾಗಿತ್ತು.

ಕೃತಕ ಬುದ್ಧಿಮತ್ತೆಯಿಂದ ಆಗಿರುವ ಬದಲಾವಣೆಗಳು

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ನಂತರ ಬೃಹತ್ ಭಾಷಾ ಮಾದರಿಗಳ ಬೇಡಿಕೆ ಹೆಚ್ಚಿತು. ಅರ್ಜಿಯನ್ನು ಓದಿ ಸಾರಾಂಶ ನೀಡುವುದು, ದಾಖಲೆಗಳನ್ನು ತಾಳೆ ನೋಡುವುದು, ನಾಗರಿಕರ ಪ್ರಶ್ನೆಗಳಿಗೆ ಉತ್ತರಿಸುವುದು ಮುಂತಾದ ಕಾರ್ಯಗಳಿಗೆ ಇವುಗಳನ್ನು ಬಳಸಬಹುದಾಗಿದೆ. ಇದರಿಂದ ಹಿಂದಿನ ಲೆಕ್ಕಾಚಾರವು ಮೂರು ಬಗೆಯಲ್ಲಿ ಬದಲಾಗಿದೆ.

1. ವೆಚ್ಚ: ಈ ಮಾದರಿಗಳಿಗೆ ಜಿಪಿಯು ಎಂದು ಕರೆಯಲಾಗುವ ವಿಶೇಷ ಸಂಸ್ಕರಣಾ ಘಟಕಗಳು ಬೇಕಾಗುತ್ತವೆ. ಇವು ದುಬಾರಿಯಾಗಿದ್ದು, ಹೆಚ್ಚು ವಿದ್ಯುತ್ತನ್ನೂ ತಂಪುಗೊಳಿಸುವ ಏರ್ಪಾಡನ್ನೂ ಬೇಡುತ್ತವೆ. 2022ರಲ್ಲಿ ಪ್ರಕಟವಾದ ಎನ್‌ವಿಡಿಯಾ ಕಂಪನಿಯ ಎಚ್100 ಘಟಕದ ಒಂದು ಆವೃತ್ತಿಯು ಗರಿಷ್ಠ 700 ವ್ಯಾಟ್ ವಿದ್ಯುತ್ ಬಳಸುತ್ತದೆ. ಇದು 75 ವ್ಯಾಟ್‌ನ ಒಂಬತ್ತು ಸೀಲಿಂಗ್ ಫ್ಯಾನುಗಳು ಬಳಸುವುದಕ್ಕಿಂತಲೂ ಹೆಚ್ಚು. ಕೆಲವೇ ದಿನಗಳ ಹೊರೆಗೆ ಬಾಡಿಗೆ ಲಾಭದಾಯಕವಾದರೂ ಪ್ರತಿದಿನವೂ ನಡೆಯುವ ಕೆಲಸಕ್ಕೆ ಸ್ವಂತ ಘಟಕಗಳೇ ಅಗ್ಗವಾಗುವ ಸಂದರ್ಭಗಳಿವೆ.

2. ದತ್ತಾಂಶದ ಸ್ಥಳ: ಹಿಂದೆ ದಾಖಲೆಯನ್ನು ಯಂತ್ರವಿದ್ದಲ್ಲಿಗೆ ಕಳುಹಿಸಲಾಗುತ್ತಿತ್ತು. ಈಗ ಮಾದರಿಯನ್ನೇ ದಾಖಲೆ ಇರುವಲ್ಲಿಗೆ ತರುವುದು ಸಾಧ್ಯವಾಗಿದೆ. ಯಾರು ಬೇಕಾದರೂ ಪಡೆದುಕೊಂಡು ತಮ್ಮ ಯಂತ್ರದಲ್ಲಿ ನಡೆಸಬಹುದಾದ ಮುಕ್ತ ಮಾದರಿಗಳು ಲಭ್ಯವಿರುವುದೇ ಇದಕ್ಕೆ ಕಾರಣ. ಸೂಕ್ಷ್ಮವಾದ ವೈಯಕ್ತಿಕ ದಾಖಲೆಗಳಿಗೆ ಈ ಮಾರ್ಗವು ಹೆಚ್ಚು ಸುರಕ್ಷಿತ.

3. ಅವಲಂಬನೆ: ಇಡೀ ವ್ಯವಸ್ಥೆಯನ್ನು ಒಂದೇ ಕಂಪನಿಯ ಮಾದರಿಗೆ ಹೊಂದಿಸಿದಲ್ಲಿ, ಆ ಕಂಪನಿಯು ದರ ಏರಿಸಿದಾಗ ಅಥವಾ ಸೇವೆ ನಿಲ್ಲಿಸಿದಾಗ ಬದಲಾಯಿಸಿಕೊಳ್ಳುವುದು ಕಷ್ಟವಾಗುತ್ತದೆ. ಆದ್ದರಿಂದ ದಾಖಲೆಗಳನ್ನೂ ಮಾದರಿಯನ್ನೂ ಪ್ರತ್ಯೇಕವಾಗಿರಿಸುವ ಕ್ರಮಕ್ಕೆ ಪ್ರಾಮುಖ್ಯತೆ ಬಂದಿದೆ.

ಇವುಗಳ ಫಲವಾಗಿ ಸಂಸ್ಥೆಗಳು ಮಿಶ್ರ ವ್ಯವಸ್ಥೆಯತ್ತ ಸಾಗುತ್ತಿವೆ. ಇದರಲ್ಲಿ ಮೂಲ ದಾಖಲೆಗಳು ಸ್ವಂತ ಕೇಂದ್ರದಲ್ಲಿ, ಏರಿಳಿತವಿರುವ ಕೆಲಸಗಳು ಕ್ಲೌಡ್‌ನಲ್ಲಿ ಹಾಗೂ ಕೃತಕ ಬುದ್ಧಿಮತ್ತೆಯ ಕೆಲಸಗಳು ಅವುಗಳ ಸೂಕ್ಷ್ಮತೆಗೆ ಅನುಗುಣವಾಗಿ ಎರಡರಲ್ಲಿ ಒಂದು ಕಡೆ ನಡೆಯುತ್ತವೆ.

ಭಾರತದಲ್ಲಿನ ಏರ್ಪಾಡು

ಭಾರತ ಸರ್ಕಾರವು ‘ಮೇಘರಾಜ್’ ಎಂಬ ಹೆಸರಿನಲ್ಲಿ ಸರ್ಕಾರಿ ಕ್ಲೌಡ್ ನೀತಿಯನ್ನು ರೂಪಿಸಿದ್ದು, 2014ರಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಮೂಲಕ ರಾಷ್ಟ್ರೀಯ ಕ್ಲೌಡ್ ಸೇವೆಯನ್ನು ಆರಂಭಿಸಿತು. ಖಾಸಗಿ ಸೇವಾದಾರರನ್ನು ಲೆಕ್ಕಪರಿಶೋಧನೆಗೆ ಒಳಪಡಿಸಿದ ನಂತರವೇ ಅಧಿಕೃತ ಪಟ್ಟಿಗೆ ಸೇರಿಸಿಕೊಳ್ಳಲಾಗುತ್ತದೆ. ಅವರು ಸರ್ಕಾರಿ ದತ್ತಾಂಶವನ್ನು ಭಾರತದೊಳಗೇ ಇರಿಸತಕ್ಕದ್ದು.

ಭಾರತೀಯ ಭಾಷೆಗಳಲ್ಲಿ ಅನುವಾದ ಮತ್ತು ಧ್ವನಿ ಗುರುತಿಸುವಿಕೆಗಾಗಿ ‘ಭಾಷಿಣಿ’ ವೇದಿಕೆಯನ್ನು 2022ರ ಜುಲೈನಲ್ಲಿ ಉದ್ಘಾಟಿಸಲಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟವು 10,371.92 ಕೋಟಿ ರೂ. ವೆಚ್ಚದ ಇಂಡಿಯಾ ಎಐ ಮಿಷನ್‌ಗೆ ಅನುಮೋದನೆ ನೀಡಿತು. ನವೋದ್ಯಮಗಳು ಮತ್ತು ಸಂಶೋಧಕರಿಗೆ ರಿಯಾಯಿತಿ ದರದಲ್ಲಿ ಜಿಪಿಯು ಒದಗಿಸುವುದು ಇದರ ಒಂದು ಭಾಗವಾಗಿದೆ. ಆರಂಭದಲ್ಲಿ 10,000 ಘಟಕಗಳ ಗುರಿ ಇದ್ದು, 2025ರಲ್ಲಿ ಲಭ್ಯ ಘಟಕಗಳ ಸಂಖ್ಯೆಯು 34,000ವನ್ನು ಮೀರಿತು.

ಯಂತ್ರವು ತಪ್ಪಿದಲ್ಲಿ ಹೊಣೆ ಯಾರದು?

ಆಧಾರ್‌ನಲ್ಲಿ ‘ಮಂಜುನಾಥ್ ಟಿ.’ ಎಂದೂ ಪಹಣಿಯಲ್ಲಿ ‘ಮಂಜುನಾಥ ಬಿನ್ ತಿಮ್ಮಯ್ಯ’ ಎಂದೂ ಇರುವ ಹೆಸರುಗಳು ಒಬ್ಬನೇ ವ್ಯಕ್ತಿಯವೆಂದು ಗ್ರಾಮದ ಆಡಳಿತ ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಯಂತ್ರವು ಅವರನ್ನು ಇಬ್ಬರೆಂದು ಭಾವಿಸಬಹುದು. ಅಥವಾ ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ಭಾವಿಸಬಹುದು. ಇಂತಹ ತಪ್ಪಿನಿಂದ ಅರ್ಹರಿಗೆ ಸೌಲಭ್ಯ ತಪ್ಪಿಹೋಗುವ ಸಂಭವವಿದೆ.

ಇದರ ಗಂಭೀರತೆಗೆ ನೆದರ್ಲ್ಯಾಂಡ್ಸ್ ದೇಶದ ಅನುಭವವು ನಿದರ್ಶನವಾಗಿದೆ. ಅಲ್ಲಿ ಮಕ್ಕಳ ಪಾಲನಾ ಭತ್ಯೆಯ ಅರ್ಜಿಗಳಿಗೆ ಯಂತ್ರದ ಮೂಲಕ ಸಂಶಯದ ಅಂಕ ನೀಡಲಾಗುತ್ತಿದ್ದು, ಅರ್ಜಿದಾರರ ಪೌರತ್ವವನ್ನೂ ಪರಿಗಣಿಸಲಾಗುತ್ತಿತ್ತು. ಸಾವಿರಾರು ಕುಟುಂಬಗಳು ವಂಚಕರೆಂಬ ತಪ್ಪು ಆರೋಪಕ್ಕೆ ಗುರಿಯಾಗಿ, ಪಡೆದ ಹಣವನ್ನು ಹಿಂದಿರುಗಿಸಬೇಕಾಗಿ ಬಂದು ಸಾಲದಲ್ಲಿ ಮುಳುಗಿದವು. ಈ ಪ್ರಕರಣದ ಹಿನ್ನೆಲೆಯಲ್ಲಿ ಅಲ್ಲಿನ ಸಚಿವ ಸಂಪುಟವು 2021ರ ಜನವರಿಯಲ್ಲಿ ರಾಜೀನಾಮೆ ನೀಡಿತು.

ಯಂತ್ರವು ಬಾಡಿಗೆಯದಾದರೂ ಹೊಣೆಗಾರಿಕೆಯನ್ನು ಬಾಡಿಗೆಗೆ ಕೊಡಲಾಗದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ 8ನೇ ಪ್ರಕರಣವು ಇದನ್ನೇ ಹೇಳುತ್ತದೆ. ಸಂಸ್ಥೆಯು ಸಂಸ್ಕರಣೆಯನ್ನು ಬೇರೊಬ್ಬರಿಗೆ ವಹಿಸಿದ್ದರೂ ಪಾಲನೆಯ ಹೊಣೆಯು ಆ ಸಂಸ್ಥೆಯದೇ ಆಗಿರುತ್ತದೆ. ವ್ಯಕ್ತಿಯ ಬಗ್ಗೆ ನಿರ್ಧಾರ ಕೈಗೊಳ್ಳಲು ಬಳಸುವ ದತ್ತಾಂಶವು ಪೂರ್ಣವೂ ನಿಖರವೂ ಆಗಿರುವಂತೆ ಅದು ನೋಡಿಕೊಳ್ಳತಕ್ಕದ್ದು. ಸದರಿ ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಈ ಕರ್ತವ್ಯಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ಅಧಿಸೂಚಿಸಲಾಗಿದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಆಧಾರ್, ಪಹಣಿ, ಪಡಿತರ ಚೀಟಿ ಮತ್ತು ಬ್ಯಾಂಕ್ ಪುಸ್ತಕಗಳಲ್ಲಿ ಹೆಸರು, ತಂದೆ ಅಥವಾ ಪತಿಯ ಹೆಸರು ಹಾಗೂ ಜನ್ಮದಿನಾಂಕ ಒಂದೇ ರೀತಿ ಇರುವುದನ್ನು ಅರ್ಜಿ ಸಲ್ಲಿಸುವ ಮುನ್ನ ಖಚಿತಪಡಿಸಿಕೊಳ್ಳುವುದು ಸೂಕ್ತ.

2. ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಪಡೆದು, ಅದರ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

3. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ದಾಖಲಿಸಿ ಅರ್ಜಿದಾರರಿಗೆ ತಿಳಿಸಬೇಕಾಗುತ್ತದೆ. ‘ಗಣಕಯಂತ್ರವು ಒಪ್ಪುತ್ತಿಲ್ಲ’ ಎಂಬ ಬಾಯಿಮಾತು ಕಾರಣವೆನಿಸದು. ವಿಳಂಬಕ್ಕೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರಕ್ಕೆ ಅವಕಾಶವಿದೆ.

4. ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಡಿ) ಪ್ರಕರಣದಂತೆ, ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಒದಗಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯವಾಗಿದೆ.

5. ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಮತ್ತು ಒಟಿಪಿಯನ್ನು ಸಾರ್ವಜನಿಕ ಚಾಟ್‌ಬಾಟ್‌ಗಳಲ್ಲಿ ನಮೂದಿಸಬಾರದು.

ಅರ್ಜಿಯನ್ನು ವೇಗವಾಗಿ ಓದಲು, ಭಾಷಾಂತರಿಸಲು, ದಾಖಲೆಗಳನ್ನು ಹುಡುಕಲು ಯಂತ್ರವು ನೆರವಾಗಬಲ್ಲದು. ಅರ್ಜಿಯನ್ನು ಮಂಜೂರು ಮಾಡುವ ಅಥವಾ ತಿರಸ್ಕರಿಸುವ ಆದೇಶದ ಹೊಣೆಯು ಮಾತ್ರ ಅದಕ್ಕೆ ಸಹಿ ಹಾಕುವ ಅಧಿಕಾರಿಯದೇ ಆಗಿರುತ್ತದೆ. ಆ ಆದೇಶದ ಕಾರಣವನ್ನು ಕೇಳುವುದು ಹಾಗೂ ಅವಧಿಯೊಳಗೆ ಮೇಲ್ಮನವಿ ಸಲ್ಲಿಸುವುದು ಅರ್ಜಿದಾರರ ಹಕ್ಕು.