ಅಡಿ ನೋಡಿ ಕಾರು ಕೊಳ್ಳಿ

ಊರಿಗೆ ರಜೆಗೆ ಬಂದವರು, ಮನೆಯಲ್ಲಿ ಮದುವೆ ಇಟ್ಟುಕೊಂಡವರು ಸೆಕೆಂಡ್‌ಹ್ಯಾಂಡ್ ಕಾರು ಹುಡುಕುವುದು ಸಾಮಾನ್ಯ. ಕಾರವಾರ, ಅಂಕೋಲಾ ಕಡೆ ಮೊದಲು ನೋಡಬೇಕಾದ್ದು ತುಕ್ಕು. ಕಡಲಿನ ಉಪ್ಪುಗಾಳಿ, ಮಳೆ ಎರಡೂ ಸೇರಿ ಕಾರಿನ ತಳವನ್ನು ತಿನ್ನುತ್ತವೆ. ಮೇಲಿನ ಪಾಲಿಶ್‌ಗೆ ಮರುಳಾಗಬೇಡಿ. ನಂಬಿಕೆಯ ಮೆಕ್ಯಾನಿಕ್‌ನನ್ನು ಕರಕೊಂಡು ಹೋಗಿ, ಕಾರು ಎತ್ತಿಸಿ ನೋಡಿ. ಒಳಗಿನ ಮ್ಯಾಟ್ ಸರಿಸಿ ನೋಡಿ. ಕೆಸರು, ಮುಗ್ಗಲು ವಾಸನೆ ಇದ್ದರೆ ನೆರೆನೀರು ಹೊಕ್ಕ ಕಾರಿರಬಹುದು. 2019ರಲ್ಲಿ ಕಾಳಿ, ಗಂಗಾವಳಿ ಉಕ್ಕಿದ್ದು ನೆನಪಿರಲಿ.

ಮಾಜಾಳಿ ದಾಟಿದರೆ ಗೋವಾ. ಅಲ್ಲಿನ ಜಿಎ ನಂಬರಿನ ಕಾರು ಅಗ್ಗ ಅಂತ ಕಾಣಬಹುದು. ಆದರೆ ಅದಕ್ಕೆ ಅಲ್ಲಿಯ ಎನ್‌ಒಸಿ ಬೇಕು. ಇಲ್ಲಿ ತೆರಿಗೆ ಕಟ್ಟಿ ಕೆಎ-30 ನಂಬರ್ ಮಾಡಿಸಬೇಕು. ಆ ಖರ್ಚೂ ಸೇರಿಸಿ ರೇಟು ಮಾತಾಡಿ.

ಆರ್‌ಸಿಯಲ್ಲಿ ಬ್ಯಾಂಕ್ ಸಾಲ ಕಂಡರೆ ಸಾಲ ತೀರಿದ ಪತ್ರ, ಫಾರಂ 35 ಕೇಳಿ. ಫಾರಂ 29, 30ಕ್ಕೆ ಸಹಿಯಾದ ಮೇಲೆ 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹೆಸರು ಬದಲಾಗದೆ ಅಪಘಾತವಾದರೆ ಮಾರಿದವನೇ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಮಾರುವವರಿಗೂ ಒಂದು ಮಾತು. ಪ್ರವಾದಿ(ಸ)ಯವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿ ಒದ್ದೆ ಕಂಡು, ಅದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಕಾರಿನ ತುಕ್ಕೂ ಹಾಗೆಯೇ. ಐಬು ಹೇಳಿ ಮಾರಿದರೆ ದುಡ್ಡು ಸ್ವಲ್ಪ ಕಮ್ಮಿ ಸಿಗಬಹುದು, ಆದರೆ ಅದರಲ್ಲಿ ಬರಕತ್ ಇರುತ್ತದೆ.