ಪ್ಲೇಟ್‌ಲೆಟ್ ಪಕ್ಕದ ಸಾಲು

ಮಳೆಗಾಲ ಹಿಡಿಯಿತೆಂದರೆ ಆಸ್ಪತ್ರೆ ವಾರ್ಡುಗಳ ಹೊರಗೆ ಕೇಳಿಬರುವ ಪ್ರಶ್ನೆ ಒಂದೇ: ‘ಪ್ಲೇಟ್‌ಲೆಟ್ ಎಷ್ಟಾಯ್ತು?’ ಬೆಳಗ್ಗೆ ತೊಂಬತ್ತು ಸಾವಿರ, ಸಂಜೆಗೆ ಅರವತ್ತು. ಅಷ್ಟರಲ್ಲಿ ಯಾರೋ ಪಪ್ಪಾಯ ಎಲೆ ಅರೆದು ತಂದಿರುತ್ತಾರೆ, ಇನ್ಯಾರೋ ಕಿವಿ ಹಣ್ಣು. ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ 2024ರಲ್ಲಂತೂ ಎಲ್ಲರ ಬಾಯಲ್ಲೂ ಇದೇ ಲೆಕ್ಕ. ಅದೇ ವರದಿಯಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಇನ್ನೊಂದು ಸಾಲು ಇರುತ್ತದೆ. ಮನೆಯವರು ಅದನ್ನು ಕೇಳುವುದೇ ಇಲ್ಲ. ಡಾಕ್ಟರರ ಕಣ್ಣು ಮೊದಲು ಹೋಗುವುದು ಅಲ್ಲಿಗೆ.

ತೀವ್ರ ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ರಕ್ತಸ್ರಾವವಲ್ಲ, ಸೋರಿಕೆ. ಸೂಕ್ಷ್ಮ ರಕ್ತನಾಳಗಳ ಒಳಪದರ ಸಡಿಲಗೊಂಡು, ರಕ್ತದ ನೀರಿನಂಶವಾದ ಪ್ಲಾಸ್ಮಾ ಹೊಟ್ಟೆಗೂ ಎದೆಗೂಡಿಗೂ ಇಳಿಯುತ್ತದೆ. ಕೆಂಪುಕಣಗಳು ನಾಳದೊಳಗೇ ಉಳಿಯುತ್ತವೆ. ಸಾರು ಬತ್ತಿದಾಗ ಬೇಳೆ ಹೆಚ್ಚಾದಂತೆ ಕಾಣುವುದಿಲ್ಲವೇ, ಹಾಗೆ ರಕ್ತ ಗಟ್ಟಿಯಾಗುತ್ತದೆ. ಆ ಗಟ್ಟಿತನದ ಅಳತೆಯೇ ಪಿಸಿವಿ.

ಅಳೆಯುವ ಹಳೆಯ ವಿಧಾನ ನೋಡಲು ಚಂದ. ಕಡ್ಡಿಯಷ್ಟು ಸಣ್ಣ ಗಾಜಿನ ನಳಿಗೆಗೆ ರಕ್ತ ಏರಿಸಿ, ಒಂದು ತುದಿಗೆ ಜೇಡಿ ಮೆತ್ತಿ, ಯಂತ್ರದಲ್ಲಿ ಐದು ನಿಮಿಷ ಗಿರಗಿರನೆ ತಿರುಗಿಸುತ್ತಾರೆ. ಹೊರತೆಗೆದಾಗ ತಳದಲ್ಲಿ ಕಡುಗೆಂಪು ಕಂಬ, ಮೇಲೆ ತಿಳಿಹಳದಿ ಪ್ಲಾಸ್ಮಾ, ನಡುವೆ ಕೂದಲೆಳೆಯಂಥ ಬಿಳಿ ಗೆರೆ. ನೂರು ಭಾಗದಲ್ಲಿ ಕೆಂಪು ನಲವತ್ತಿದ್ದರೆ ಪಿಸಿವಿ 40. ಅದು 48ಕ್ಕೆ ಏರಿದರೆ ಶೇ 20ರಷ್ಟು ಹೆಚ್ಚಳ, ಪ್ಲಾಸ್ಮಾ ಸೋರುತ್ತಿದೆ ಎಂಬುದಕ್ಕೆ ಬಲವಾದ ಗುರುತು.

ಈಗ ಈ ಕೆಲಸವನ್ನು ಕಣ ಎಣಿಸುವ ಯಂತ್ರ ಮಾಡುತ್ತದೆ. ಇದರ ಮೂಲ ತತ್ವಕ್ಕೆ ಅಮೆರಿಕದ ವಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದರು. ವಿದ್ಯುತ್ ಹರಿಯುವ ದ್ರವದಲ್ಲಿ ಒಂದು ಕಿರುರಂಧ್ರ. ಕಣವೊಂದು ಅದರಲ್ಲಿ ನುಸುಳಿದಾಗಲೆಲ್ಲ ವಿದ್ಯುತ್ತಿಗೆ ಚಿಕ್ಕ ತಡೆ. ದೊಡ್ಡ ಮಿಡಿತ ಕೆಂಪುಕಣ, ಪುಟ್ಟದು ಪ್ಲೇಟ್‌ಲೆಟ್. ಬಹುತೇಕ ಯಂತ್ರಗಳಲ್ಲಿ ಪಿಸಿವಿ ಎಂಬುದು ಕೆಂಪುಕಣಗಳ ಸಂಖ್ಯೆ ಮತ್ತು ಸರಾಸರಿ ಗಾತ್ರದ ಗುಣಾಕಾರ. ಯಂತ್ರ ಮೋಸಹೋಗುವುದೂ ಉಂಟು. ಕೆಲವರ ಪ್ಲೇಟ್‌ಲೆಟ್‌ಗಳು ಪರೀಕ್ಷಾ ಟ್ಯೂಬಿನಲ್ಲೇ ಒಂದಕ್ಕೊಂದು ಅಂಟಿಕೊಂಡು, ಎಣಿಕೆ ನಿಜಕ್ಕಿಂತ ಕಡಿಮೆ ತೋರುತ್ತದೆ. ಅನುಮಾನ ಬಂದ ತಂತ್ರಜ್ಞರು ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅದಕ್ಕೇ.

ಪಿಸಿವಿಯನ್ನೂ ಒಂಟಿಯಾಗಿ ಓದುವಂತಿಲ್ಲ. ರಕ್ತಹೀನತೆಯಿರುವ ಹೆಣ್ಣುಮಗಳ ಪಿಸಿವಿ ಸದಾ 30 ಇರಬಹುದು. ಡೆಂಗಿಯಲ್ಲಿ ಅದು 36ಕ್ಕೆ ಏರಿದರೆ ಅಪಾಯ, ಆದರೆ ವರದಿ ಇದನ್ನು ‘ಕಡಿಮೆ’ ಎಂದೇ ಅಚ್ಚು ಹಾಕಿರಬಹುದು! ಜ್ವರದ ಮೊದಲ ದಿನಗಳ ವರದಿ ಕೈಯಲ್ಲಿದ್ದರೆ ಮಾತ್ರ ಈ ಏರಿಕೆ ಕಣ್ಣಿಗೆ ಬೀಳುತ್ತದೆ.

ಇನ್ನು ಹೊತ್ತು. ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಜ್ವರ ಬಿಡುವ ಆಸುಪಾಸಿನಲ್ಲಿ. ಮೈ ತಣ್ಣಗಾಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಮುಂದಿನ 24ರಿಂದ 48 ಗಂಟೆಗಳೇ ಗಂಡಾಂತರದವು. ಹೊಟ್ಟೆನೋವು, ನಿಲ್ಲದ ವಾಂತಿ, ಮಂಪರು ಕಂಡರೆ ಪ್ಲೇಟ್‌ಲೆಟ್ ಲಕ್ಷವಿದೆಯೆಂದು ಕಾಯುತ್ತ ಕೂರಬಾರದು.

ಹಾಗಾದರೆ ಪ್ಲೇಟ್‌ಲೆಟ್ ಲೆಕ್ಕಕ್ಕಿಲ್ಲವೇ? ಇದೆ. ಪಿಸಿವಿ ಏರುತ್ತಿರುವಾಗಲೇ ಪ್ಲೇಟ್‌ಲೆಟ್ ಸರ್ರನೆ ಕುಸಿದರೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದೊಂದು ಎಚ್ಚರಿಕೆಯ ಲಕ್ಷಣ. ಅತಿಯಾದದ್ದು ಪ್ಲೇಟ್‌ಲೆಟ್ ಚೀಲಕ್ಕಾಗಿ ನಡೆಯುವ ಓಡಾಟ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ, ಪ್ಲೇಟ್‌ಲೆಟ್ 20 ಸಾವಿರ ಅಥವಾ ಅದಕ್ಕೂ ಕೆಳಗಿದ್ದು ಗಂಭೀರ ರಕ್ತಸ್ರಾವವಿಲ್ಲದ 372 ವಯಸ್ಕರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಏರಿಸಿದ್ದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮಗಳೇ ಹೆಚ್ಚಾದವು.

ಚೇತರಿಕೆಯ ಹೊತ್ತಿಗೆ ಸೋರಿದ ದ್ರವ ತಾನಾಗಿಯೇ ನಾಳಕ್ಕೆ ಮರಳುತ್ತದೆ, ಪಿಸಿವಿ ಇಳಿಯುತ್ತದೆ. ಬಿಳಿರಕ್ತಕಣ ಮೊದಲು ಏರುತ್ತದೆ, ಪ್ಲೇಟ್‌ಲೆಟ್ ಆಮೇಲೆ. ಸೋರಿಕೆ ತುಂಬಿಕೊಡಲು ಹಾಕಿದ್ದ ಡ್ರಿಪ್ ಅನ್ನು ಈ ಹಂತದಲ್ಲೂ ಮುಂದುವರಿಸಿದರೆ ನೀರು ಶ್ವಾಸಕೋಶಕ್ಕೆ ತುಂಬಬಹುದು. ‘ಪ್ಲೇಟ್‌ಲೆಟ್ ಇನ್ನೂ ಐವತ್ತು ಸಾವಿರ, ಆಗಲೇ ಡ್ರಿಪ್ ತೆಗೆದರಲ್ಲ’ ಎಂದು ನೆಂಟರು ನರ್ಸಮ್ಮನ ಮೇಲೆ ರೇಗುವುದು ಸರಿಯಾಗಿ ಆಗಲೇ.